ಬಲ್ಬಿನಲ್ಲೂ ಕ್ಯಾಮೆರಾ: ಮನೆಯ ಎಳೆಯರಿಗೆ ಕಿವಿಮಾತು

ಮಕ್ಕಳೇ, ಪೆನ್ನು, ಬಲ್ಬು, ಗಡಿಯಾರ, ಚಾರ್ಜರ್, ಕನ್ನಡಕ, ಕರೆಗಂಟೆ, ನೆಲ ಗುಡಿಸುವ ಯಂತ್ರ ಎಲ್ಲದರೊಳಗೂ ಈಗ ಕ್ಯಾಮೆರಾ ಬಂದು ಕೂತಿದೆ. ಬೇಡವೇ ಬೇಡ ಅನ್ನುವವನು ನಾನಲ್ಲ. ಊರಲ್ಲಿ ಒಬ್ಬಳೇ ಇರುವ ತಾಯಿ ಎದ್ದಳೋ, ಉಂಡಳೋ ಎಂದು ದೂರದಲ್ಲಿರುವ ಮಗಳು ನೋಡಿಕೊಳ್ಳಲು ಅದರಿಂದ ಅನುಕೂಲವಿದೆ. ಆದರೆ ಕೊಳ್ಳುವವರು ನೀವು, ಅದರ ಕಣ್ಣಿಗೆ ಬೀಳುವವರು ಬೇರೆಯವರು. ನನ್ನ ಚಿಂತೆ ಅವರದ್ದು.

• ಕೊಳ್ಳುವ ಮುಂಚೆ ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿ: ತೆಗೆದ ದೃಶ್ಯ ಎಲ್ಲಿ ಉಳಿಯುತ್ತದೆ? ಒಳಗಿನ ಮೆಮೊರಿ ಕಾರ್ಡಿನಲ್ಲೋ, ಕಂಪನಿಯ ಸರ್ವರಿನಲ್ಲೋ? ಸರ್ವರಿಗೆ ಹೋದರೆ ಅಲ್ಲಿ ಕೂತವರೂ ನೋಡಬಹುದು. ಕರೆಗಂಟೆ ಕ್ಯಾಮೆರಾಗಳಿಗೆ ಹೆಸರಾದ ರಿಂಗ್ ಕಂಪನಿಯ ನೌಕರರು ಗಿರಾಕಿಗಳ ಖಾಸಗಿ ವಿಡಿಯೊಗಳನ್ನು ನೋಡಿದ್ದಾರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ದೂರು ಹೂಡಿತು. 58 ಲಕ್ಷ ಡಾಲರ್ ಕೊಟ್ಟು ಕಂಪನಿ ರಾಜಿಯಾಯಿತು. ನೆಲ ಗುಡಿಸುವ ರೂಂಬಾ ಯಂತ್ರದ ಕಥೆ ಇನ್ನೂ ಕೆಟ್ಟದ್ದು. 2020ರಲ್ಲಿ ಪರೀಕ್ಷೆಗೆಂದು ಮನೆಗಳಲ್ಲಿ ಓಡಾಡುತ್ತಿದ್ದ ಯಂತ್ರ ಶೌಚಾಲಯದಲ್ಲಿ ಕೂತ ಹೆಂಗಸಿನ ಚಿತ್ರ ತೆಗೆಯಿತು. ಚಿತ್ರಗಳಿಗೆ ಗುರುತು ಹಚ್ಚುವ ಕೆಲಸಕ್ಕಿದ್ದವರು ಅದನ್ನು ಆನ್‌ಲೈನ್ ಗುಂಪುಗಳಲ್ಲಿ ಹಂಚಿಕೊಂಡರು. ಪರೀಕ್ಷೆಗೆ ಒಪ್ಪಿದ್ದವರು ಇಷ್ಟಕ್ಕೆಲ್ಲ ಒಪ್ಪಿರಲಿಲ್ಲ.

• ಕ್ಯಾಮೆರಾ ಕೂರಿಸಿದ ದಿನವೇ ಪಾಸ್‌ವರ್ಡ್ ಬದಲಿಸಿ. ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡ್ ಎಷ್ಟೋ ಸಲ ಊರಿಗೆಲ್ಲ ಗೊತ್ತಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ವಶ ಮಾಡಿಕೊಂಡದ್ದು ಇಂಥ ಪಾಸ್‌ವರ್ಡುಗಳಿಂದಲೇ. ಇಂಥದ್ದು ನಮ್ಮ ದೇಶದಲ್ಲೂ ಆಗಿದೆ: 2025ರ ಫೆಬ್ರುವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಿದ್ದವು. ಚಿಕಿತ್ಸೆಗೆ ಬಂದ ಆ ಹೆಣ್ಣುಮಕ್ಕಳು ಏನು ತಪ್ಪು ಮಾಡಿದ್ದರು?

• ಮಲಗುವ ಕೋಣೆ, ಬಚ್ಚಲ ಕಡೆ ಕ್ಯಾಮೆರಾ ಬೇಡ. ಅಜ್ಜಿಯ ಕೋಣೆಯಲ್ಲಿ ಇಡಲೇಬೇಕಾದರೆ ಅಜ್ಜಿಯನ್ನೇ ಕೇಳಿ. ಸೀರೆ ಬದಲಿಸುವಾಗ ಮುಚ್ಚಿಡಲು ಅವರ ಕೈಗೆಟಕುವ ಒಂದು ಬಟ್ಟೆ ಕೊಡಿ. ಮನೆಕೆಲಸದವರಿಗೂ ಯಾವ ಮೂಲೆಯಲ್ಲಿ ಕ್ಯಾಮೆರಾ ಇದೆಯೆಂದು ತೋರಿಸಿ ಹೇಳಿ. ಹೇಳದೆ ಇಡುವುದು ಕಳ್ಳತನದ ಅನುಮಾನ ಹೊರಿಸಿದ ಹಾಗೆ.

• ಕ್ಯಾಮೆರಾ ಕನ್ನಡಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಫೋನು ಎತ್ತಿ ಹಿಡಿದರೆ ಎದುರಿನವರಿಗೆ ತಿಳಿಯುತ್ತದೆ, ಬೇಡ ಅನ್ನಬಹುದು. ಕನ್ನಡಕಕ್ಕೆ ಆ ಸುಳಿವಿಲ್ಲ. ರೇ-ಬ್ಯಾನ್ ಮೆಟಾ ಕನ್ನಡಕದ ಒಂದು ಮೂಲೆಯಲ್ಲಿ ಕ್ಯಾಮೆರಾ, ಇನ್ನೊಂದು ಮೂಲೆಯಲ್ಲಿ ಪುಟ್ಟ ದೀಪ. ಚಿತ್ರ ತೆಗೆಯುವಾಗ ದೀಪ ಉರಿಯುತ್ತದೆ ನಿಜ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಕಂಡವರಾರು? ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು 2024ರಲ್ಲಿ ಈ ಕನ್ನಡಕಕ್ಕೆ ಮುಖ ಹುಡುಕುವ ತಂತ್ರಾಂಶ ಜೋಡಿಸಿ, ದಾರಿಹೋಕರ ಹೆಸರು, ವಿಳಾಸ ತೆಗೆದು ತೋರಿಸಿದರು. ಜನರನ್ನು ಎಚ್ಚರಿಸಲೆಂದೇ ಹಾಗೆ ಮಾಡಿದ್ದು; ಎಲ್ಲರ ಉದ್ದೇಶವೂ ಹಾಗಿರುವುದಿಲ್ಲ. ದೇವಸ್ಥಾನ, ಆಸ್ಪತ್ರೆ, ತರಗತಿ, ಮದುವೆಮನೆಯ ಹೆಂಗಸರ ಕೋಣೆ ಇಲ್ಲೆಲ್ಲ ಅದನ್ನು ತೆಗೆದು ಜೇಬಿಗಿಡಿ.

• "ಮುಚ್ಚಿಡುವಂಥದ್ದು ನಿಮಗೇನಿದೆ?" ಎಂದು ಕೇಳುವವರು ಸಿಗುತ್ತಾರೆ. ಅವರಿಗೆ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅವರ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು.

• ಲಾಡ್ಜು, ಪಿಜಿ ಕೋಣೆಗೆ ಕಾಲಿಟ್ಟ ಮೇಲೆ ಐದು ನಿಮಿಷ ಹುಡುಕಿ. ದಕ್ಷಿಣ ಕೊರಿಯಾದಲ್ಲಿ ಟಿವಿ ಡಬ್ಬ, ಗೋಡೆಯ ಸಾಕೆಟ್, ಹೇರ್ ಡ್ರೈಯರ್ ಸ್ಟ್ಯಾಂಡುಗಳಲ್ಲಿ ಕ್ಯಾಮೆರಾ ಅಡಗಿಸಿ ಸುಮಾರು 1,600 ಮಂದಿಯನ್ನು ಚಿತ್ರೀಕರಿಸಿದ್ದು 2019ರಲ್ಲಿ ಬಯಲಾಯಿತು. ದೀಪ ಆರಿಸಿ, ಪರದೆ ಎಳೆದು, ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಹಾಸಿಗೆಯತ್ತ, ಬಚ್ಚಲತ್ತ ಮುಖ ಮಾಡಿದ ವಸ್ತುಗಳ ಮೇಲೆ ನಿಧಾನ ಆಡಿಸಿ. ಲೆನ್ಸ್ ಇದ್ದರೆ ಸೂಜಿಮೊನೆಯಷ್ಟು ಬೆಳಕು ಮಿನುಗುತ್ತದೆ. ಕತ್ತಲಲ್ಲಿ ನೋಡುವ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಬರಿಗಣ್ಣಿಗೆ ಕಾಣದಿದ್ದರೂ ಫೋನಿನ ಮುಂಬದಿ ಕ್ಯಾಮೆರಾದಲ್ಲಿ ನೇರಳೆ ಚುಕ್ಕೆಯಾಗಿ ಕಾಣಬಹುದು. ಟಿವಿ ರಿಮೋಟಿನ ಗುಂಡಿ ಒತ್ತಿ, ಅದರ ಇನ್‌ಫ್ರಾರೆಡ್ ಬೆಳಕು ನಿಮ್ಮ ಫೋನಿಗೆ ಕಾಣುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಏನೂ ಕಾಣದಿದ್ದರೂ ಅನುಮಾನ ಹೋಗದಿದ್ದರೆ ಕೋಣೆ ಬದಲಿಸಿ, ಸಂಕೋಚ ಬೇಡ.

• ಕ್ಯಾಮೆರಾ ಸಿಕ್ಕಿತು ಅನ್ನಿ. ಕೀಳಬೇಡಿ, ಒಡೆಯಬೇಡಿ, ಸಾಕ್ಷ್ಯ ಹಾಳಾಗುತ್ತದೆ. ಇದ್ದ ಜಾಗದಲ್ಲೇ ಫೋಟೊ ತೆಗೆದು, ಹೊರಗೆ ಬಂದು, 112ಕ್ಕೆ ಕರೆ ಮಾಡಿ. ಹೆಣ್ಣಿನ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸಜೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಗಂಡಸರಿಗೂ ರಕ್ಷಣೆ ಕೊಡುತ್ತದೆ. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಡಿ. ಮರ್ಯಾದೆ ಹೋಗಬೇಕಾದದ್ದು ಇಟ್ಟವನದ್ದು.

• ಹಳೆಯ ಕ್ಯಾಮೆರಾ ಮಾರುವಾಗ, ಗುಜರಿಗೆ ಹಾಕುವಾಗ ಕಾರ್ಡು ತೆಗೆದುಕೊಳ್ಳಿ, ಫ್ಯಾಕ್ಟರಿ ರೀಸೆಟ್ ಮಾಡಿ, ಆ್ಯಪಿನಲ್ಲಿರುವ ಖಾತೆಯನ್ನೂ ಅಳಿಸಿ. ಮಗುವಿನ ಸ್ನಾನದ ವಿಡಿಯೊ ಅದರಲ್ಲೇ ಉಳಿದಿರಬಹುದು.