ಮಗುವಿಗೆ ನೆನಪಿನ ಪರೀಕ್ಷೆ ಬೇಡ

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಹೋದ ತಿಂಗಳು ಮೈಸೂರು ಮೃಗಾಲಯ ತೋರಿಸಿಕೊಂಡು ಬಂದೆವು. ಮನೆಗೆ ಬಂದವರೆದುರು ‘ಏನೇನು ನೋಡಿದೆ ಹೇಳು’ ಎಂದರೆ ‘ಗೊತ್ತಿಲ್ಲ’ ಎಂದು ಓಡಿಹೋಗುತ್ತಾನೆ. ಅವನದೇ ವಯಸ್ಸಿನ ನಾದಿನಿ ಮಗಳು ಎಲ್ಲವನ್ನೂ ಪಟಪಟ ಹೇಳುತ್ತಾಳೆ. ಇವನಿಗೆ ಜ್ಞಾಪಕಶಕ್ತಿ ಕಡಿಮೆಯೇ? ಅತ್ತೆ ಬ್ರಾಹ್ಮಿ ಲೇಹ್ಯ ಕೊಡು ಎನ್ನುತ್ತಿದ್ದಾರೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಬರೆದಿರುವುದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ, ಲೇಹ್ಯವೂ ಬೇಡ. ನೆಂಟರೆದುರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಓಡಿಹೋಗುವುದು ಆ ವಯಸ್ಸಿಗೆ ಸಹಜ. ಮರೆತಿದ್ದಾನೆಂದು ಅದರಿಂದ ಹೇಳಲಾಗದು.

ನಡೆದದ್ದನ್ನು ನೆನೆದು ಹೇಳುವುದನ್ನೂ ಮಕ್ಕಳು ದೊಡ್ಡವರ ಜೊತೆ ಮಾತಾಡುತ್ತಲೇ ಕಲಿಯುತ್ತಾರೆ. ಮನೋವಿಜ್ಞಾನಿಗಳಾದ ಎಲೇನ್ ರೀಸ್, ಕ್ಯಾಥರೀನ್ ಹೇಡನ್, ರಾಬಿನ್ ಫಿವುಶ್ ತಾಯಿ-ಮಕ್ಕಳ ಇಂಥ ಮಾತುಕತೆಯನ್ನು, ಮಕ್ಕಳಿಗೆ ಮೂರು ದಾಟಿದಾಗಿನಿಂದ ಆರರ ಹತ್ತಿರ ಬರುವವರೆಗೂ, ಗಮನಿಸಿ 1993ರಲ್ಲಿ ಪ್ರಕಟಿಸಿದರು. ‘ಇನ್ನೇನು? ಇನ್ನೇನು?’ ಎಂದು ಕೇಳಿದ್ದನ್ನೇ ಕೇಳುವ ತಾಯಂದಿರಿಗಿಂತ, ತಾವೂ ಒಂದಿಷ್ಟು ವಿವರ ಸೇರಿಸಿ ಮಾತು ಬೆಳೆಸುವವರ ಮಕ್ಕಳು ಮುಂದೆ ಹೆಚ್ಚು ನೆನಪು ಹೇಳಿದರು.

ಹಾಗಾಗಿ ರಾತ್ರಿ ಮಲಗುವ ಹೊತ್ತಿಗೆ ನೀವೇ ಶುರುಮಾಡಿ: ‘ಜಿರಾಫೆ ಸೊಪ್ಪು ತಿಂತಿತ್ತಲ್ಲ, ಅಪ್ಪ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ರು. ಅದು ಹೇಗೆ ತಿಂತಿತ್ತು?’ ಅವನು ‘ನಾಲಿಗೆ ಕಪ್ಪು!’ ಎಂದರೆ ಅಲ್ಲೇ ಹಿಡಿದುಕೊಳ್ಳಿ. ‘ಹೌದಲ್ವಾ, ಎಷ್ಟುದ್ದ ಇತ್ತು! ನಿಂಗೆ ಭಯ ಆಯ್ತಾ?’ ನೀವು ಆನೆಯ ಮಾತೆತ್ತಿದಾಗ ಅವನು ಅಲ್ಲಿ ತಿಂದ ಐಸ್‌ಕ್ರೀಮ್ ನೆನೆದರೆ ಐಸ್‌ಕ್ರೀಮ್ ಬಗ್ಗೆಯೇ ಮಾತಾಡಿ. ಅವನ ಪ್ರವಾಸದಲ್ಲಿ ಅದೇ ದೊಡ್ಡ ಸಂಗತಿ ಇದ್ದೀತು!

ಅತ್ತೆಯವರನ್ನೂ ಜೊತೆಗೆ ಕೂರಿಸಿಕೊಂಡು ಮನೆಯ ಹಳೆಯ ಕಥೆ ಹೇಳಿಸಿ. ಮನೆತನದ ಕಥೆಗಳನ್ನು ಮಕ್ಕಳಿಗೆ ಹೇಳುವ ರೂಢಿ ಗಟ್ಟಿಯಾಗಿರುವ ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ, ವಯಸ್ಕರು ಹೇಳಿದ ಮೊದಲ ನೆನಪು ಸರಾಸರಿ ಅವರಿಗೆ ಮೂರು ವರ್ಷ ತುಂಬುವುದಕ್ಕೂ ಮುಂಚಿನದು. ಅಲ್ಲಿನ ಯುರೋಪ್ ಮೂಲದವರದು ಅಷ್ಟು ಹಿಂದಕ್ಕೆ ಹೋಗಲಿಲ್ಲ.

ನಾದಿನಿ ಮಗಳ ಜೊತೆ ಹೋಲಿಕೆ ಬಿಡಿ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಜೊತೆ ತಂದೆತಾಯಿ ಹಿಂದಿನದನ್ನು ಹೆಚ್ಚು ವಿವರವಾಗಿ ಮಾತಾಡುತ್ತಾರೆಂದು ಅಮೆರಿಕದ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಮನೆಗಳಲ್ಲೂ ಗಂಡುಹುಡುಗನಿಗೆ ಸಿಗುವುದು ಹೆಚ್ಚಾಗಿ ‘ಸುಮ್ನೆ ಕೂತ್ಕೋ’ ತಾನೆ?

ಒಂದು ಎಚ್ಚರಿಕೆ: ನಡೆಯದ್ದನ್ನು ನಡೆಯಿತೆಂದು ಒತ್ತಿ ಒತ್ತಿ ಹೇಳಬೇಡಿ. ಚಿಕ್ಕ ಮಕ್ಕಳು ಅದನ್ನೂ ನಿಜವಾದ ನೆನಪೆಂದೇ ನಂಬಿಬಿಡಬಹುದು.

ಅವನು ನಾಲ್ಕೈದು ಪದ ಕೂಡಿಸಿ ವಾಕ್ಯ ಹೇಳುತ್ತಿಲ್ಲ, ಕರೆದರೆ ತಿರುಗುವುದಿಲ್ಲ ಎಂದಿದ್ದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.