ಕುಸುಬಿ ಎಣ್ಣೆಯ ಹುಟ್ಟೂರನ್ನು ಗುರುತಿಸುವುದು ಹೇಗೆ?



ಹುನಗುಂದ, ಇಳಕಲ್ಲ, ಬಾದಾಮಿ ಭಾಗದ ಎರೆ ಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆಗಳೊಡನೆ ಕುಸುಬಿಯೂ ಬೆಳೆಯುತ್ತದೆ. ಗಾಣದ ಕುಸುಬಿ ಎಣ್ಣೆಯೆಂದರೆ ಪೇಟೆಯಲ್ಲಿ ಬೆಲೆಯಿದೆ. ಬೆಲೆಯಿರುವಲ್ಲಿಗೆ ಬೆರಕೆಯೂ ಬರುತ್ತದೆ. ಅಗ್ಗದ ಎಣ್ಣೆ ಸೇರಿಸಿ ಇದೇ ಹೆಸರಿನಲ್ಲಿ ಮಾರಿದರೆ ಉಣ್ಣುವವರಿಗೂ ನಷ್ಟ, ಬೆಳೆದವರಿಗೂ ನಷ್ಟ. ಆದ್ದರಿಂದ ಎಣ್ಣೆಯ ಪರೀಕ್ಷೆಯ ವಿಷಯವನ್ನು ನಾವು ತಿಳಿದಿರುವುದು ಒಳ್ಳೆಯದು.

1. ಯಾವ ಕಾಳಿನ ಎಣ್ಣೆ?

ಎಣ್ಣೆಯು ಎಷ್ಟು ಅಯೋಡಿನ್ ಹೀರುತ್ತದೆಂಬುದನ್ನು ಅಳೆದು 'ಅಯೋಡಿನ್ ಅಂಕ' ತೆಗೆಯುತ್ತಾರೆ. ಸಾಮಾನ್ಯ ಕುಸುಬಿ ಎಣ್ಣೆಗೆ ಇದು 135ರಿಂದ 148, ಶೇಂಗಾ ಎಣ್ಣೆಗೆ 85ರಿಂದ 99, ಪಾಮೋಲಿನ್ ಎಣ್ಣೆಗೆ ಸುಮಾರು 54ರಿಂದ 62. ಕುಸುಬಿ ಎಣ್ಣೆಯಲ್ಲಿ ನಾಲ್ಕರಲ್ಲೊಂದು ಪಾಲು ಪಾಮೋಲಿನ್ ಬೆರೆತರೆ ಅಂಕವು 120ರ ಆಸುಪಾಸಿಗೆ ಇಳಿಯುತ್ತದೆ. ಜಾಣತನದ ಬೆರಕೆಯಿದ್ದರೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಿಂದ ಮೇದಾಮ್ಲಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ.

2. ಯಾವ ನೆಲದ ಎಣ್ಣೆ?

ಇದು ಹೆಚ್ಚು ಸೂಕ್ಷ್ಮ. ಗಿಡವು ಕುಡಿದ ನೀರಿನ ಜಲಜನಕ, ಆಮ್ಲಜನಕಗಳಲ್ಲಿ ಹಗುರ ಮತ್ತು ಭಾರದ ಪರಮಾಣುಗಳ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆ. ಆ ಗುರುತು ಎಣ್ಣೆಯಲ್ಲಿಯೂ ಉಳಿಯುತ್ತದೆ. ಮಣ್ಣಿನ ಲೋಹಗಳ ಅತ್ಯಲ್ಪ ಅಂಶವೂ ಬರುತ್ತದೆ. ಆದರೆ ರಿಫೈನ್ ಮಾಡಿದಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಯುರೋಪಿನಲ್ಲಿ ಆಲಿವ್ ಎಣ್ಣೆಯ ದೇಶವನ್ನು ಪರಿಶೀಲಿಸಲು ಇಂಥ ಪರೀಕ್ಷೆಗಳನ್ನು ಬಳಸುತ್ತಾರೆ.

3. ಯಂತ್ರಕ್ಕೂ ಸಾಕ್ಷಿ ಬೇಕು

ಯಂತ್ರವು ಊರಿನ ಹೆಸರು ಹೇಳುವುದಿಲ್ಲ. ಮೂಲ ಖಚಿತವಾಗಿ ಗೊತ್ತಿರುವ ಅನೇಕ ಮಾದರಿಗಳೊಡನೆ ಹೋಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಮಳೆ, ತಳಿ, ವರ್ಷ ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಹೆಚ್ಚು ಒಲೀಕ್ ಆಮ್ಲದ ಕುಸುಬಿ ತಳಿಗೆ ಅಯೋಡಿನ್ ಅಂಕವೇ ಕಡಿಮೆ. ಆ ನಂಬಿಕೆಯ ಮಾದರಿಯನ್ನು ಕೊಡಬಲ್ಲವನು ರೈತನೇ.

4. ನಾವು ಮಾಡಬೇಕಾದುದು

(ಅ) ರಾಶಿಯಾದ ಕೂಡಲೇ ಒಣಗಿದ ಕಾಳನ್ನು ಸ್ವಲ್ಪ ತೆಗೆದಿಡಿರಿ. ಚೀಟಿಯಲ್ಲಿ ಊರು, ಸರ್ವೆ ನಂಬರು, ತಳಿ, ಬಿತ್ತಿದ ಮತ್ತು ರಾಶಿ ಮಾಡಿದ ದಿನ ಬರೆಯಿರಿ.

(ಆ) ಗಾಣದಲ್ಲಿ ನಿಮ್ಮ ಕಾಳನ್ನು ಬೇರೆಯಾಗಿಯೇ ಆಡಿಸಿರಿ. ಮೊದಲು ಗಾಣವನ್ನು ಒರೆಸಿ ಶುಚಿ ಮಾಡಿಸಿರಿ.

(ಇ) ಅದೇ ಎಣ್ಣೆಯನ್ನು ಬಣ್ಣದ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ಬಿರಡೆ ಹಾಕಿ, ತಂಪಾದ ಕತ್ತಲೆಯಲ್ಲಿಡಿರಿ. ಬೆಳಕು, ಗಾಳಿ ತಗಲಿದರೆ ಎಣ್ಣೆ ಕಮಟುತ್ತದೆ.

ಕೊಂಡ ಎಣ್ಣೆಯ ಮೇಲೆ ಸಂಶಯವಿದ್ದರೆ, 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಗ್ರಾಹಕರು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವುದಾಗಿ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ರಸೀದಿ ಪಡೆಯಲು ಮರೆಯಬೇಡಿರಿ.

ಒಂದು ಚೀಟಿ, ಒಂದು ಸೀಸೆ, ಒಂದು ಹಿಡಿ ಕಾಳು: ಇವಿಷ್ಟಕ್ಕೆ ಖರ್ಚು ಅಲ್ಪ. ನಾಳೆ ನಿಮ್ಮ ಎಣ್ಣೆಯ ಹೆಸರನ್ನು ಕಾಯುವ ಸಾಕ್ಷಿ ಇವೇ.