ಅಕ್ಷರವನ್ನು ಧ್ವನಿಯಾಗಿಸುವ ಫೋನು

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು 14 ವರ್ಷದ ಬಾಲಕನೊಬ್ಬನ ವಿಚಾರವಾಗಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಹುಡುಗನು ಚುರುಕಾದವನು, ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ, ದೃಷ್ಟಿಯಲ್ಲಿ ದೋಷವಿಲ್ಲ. ಆದರೂ ವರ್ಷಗಟ್ಟಲೆ ಕಲಿಸಿದ ಮೇಲೆಯೂ ತೀರ ಸಣ್ಣ ಪದಗಳನ್ನು ಮೀರಿ ಓದಲಾರನು. ಪಾಠವೆಲ್ಲವನ್ನೂ ಬಾಯಿಮಾತಿನಿಂದಲೇ ಹೇಳಿಕೊಡುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣನೆನಿಸುತ್ತಿದ್ದನೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಈ ತೊಡಕಿಗೆ ಇಂದು ಡಿಸ್ಲೆಕ್ಸಿಯಾ ಎಂದು ಹೆಸರು. ಇದು ಬುದ್ಧಿಮಾಂದ್ಯವಲ್ಲ; ಬರೆದ ಅಕ್ಷರವನ್ನು ಅದರ ಧ್ವನಿಯೊಡನೆ ಹೊಂದಿಸುವಾಗ ಮಿದುಳಿಗೆ ಒದಗುವ ಪ್ರಯಾಸ. ಇದನ್ನರಿಯದೆ ಎಷ್ಟೋ ಮಕ್ಕಳನ್ನು ಇಂದಿಗೂ ದಡ್ಡರೆಂದು ಹಿಂದಿನ ಬೆಂಚಿಗೆ ಕಳುಹಿಸುವುದುಂಟು.

ಆ ಉಪಾಧ್ಯಾಯರು ಬಯಸಿದ ಬಾಯಿಪಾಠವನ್ನು ಈಗ ಮೊಬೈಲ್ ಫೋನು ಬಹುಮಟ್ಟಿಗೆ ಒದಗಿಸಬಲ್ಲದು. ಅದು ಹೇಗೆಂಬುದನ್ನು ನೋಡೋಣ.

‘ಸೂರ್ಯ’ ಎಂಬ ಪದವನ್ನು ಗಮನಿಸಿರಿ. ಅರ್ಕಾವತ್ತಿನೊಡನೆ ಬರೆದಾಗ ಯಕಾರವು ಮೊದಲು ಕಣ್ಣಿಗೆ ಬೀಳುತ್ತದೆ. ಅರ್ಕಾವತ್ತು ಅದರ ಬಲಗಡೆಗೆ ನಿಲ್ಲುತ್ತದೆ. ಉಚ್ಚಾರಣೆಯಲ್ಲಾದರೋ ರಕಾರವೇ ಮೊದಲು. ಎಂದರೆ, ಓದುವವನ ಕಣ್ಣು ಮುಂದೆ ಹೋಗಿ ಪುನಃ ಹಿಂದಕ್ಕೆ ಬರಬೇಕು. ನಮಗೆ ಅಭ್ಯಾಸಬಲದಿಂದ ಇದು ತಿಳಿಯದು. ಓದಿನ ತೊಡಕುಳ್ಳ ಬಾಲಕನು ಇಲ್ಲಿ ಎಡವಿದರೆ ಅಚ್ಚರಿಯೇನಿದೆ? ಫೋನಿಗೆ ಈ ಕಷ್ಟವಿಲ್ಲ. ಯುನಿಕೋಡ್ ಪದ್ಧತಿಯಲ್ಲಿ ಈ ಪದವು ಸ, ಊಕಾರದ ಚಿಹ್ನೆ, ರ, ಸ್ವರಲೋಪದ ಚಿಹ್ನೆ, ಯ ಎಂಬ 5 ಸಂಕೇತಗಳಾಗಿ, ನುಡಿಯುವ ಕ್ರಮದಲ್ಲಿಯೇ ಶೇಖರವಾಗಿರುತ್ತದೆ. ಅಚ್ಚಾದ ಪುಟವಾದರೆ ಕ್ಯಾಮೆರಾ ತೆಗೆದ ಚಿತ್ರದಿಂದ ಅಕ್ಷರಗಳನ್ನು ಮೊದಲು ಗುರುತಿಸಿ, ಬಳಿಕ ಈ ಸಂಕೇತಗಳಿಗೆ ಇಳಿಸಬೇಕು. ಮುಂದೆ ಒಂದೊಂದು ಧ್ವನಿಗೂ ಕಾಲಾವಧಿಯನ್ನೂ ಸ್ವರದ ಏರಿಳಿತವನ್ನೂ ನಿಗದಿಮಾಡಿ, ಶಬ್ದತರಂಗದ ಎತ್ತರವನ್ನು ಸೆಕೆಂಡಿಗೆ 16,000ದಷ್ಟು ಸಂಖ್ಯೆಗಳಾಗಿ ಬರೆಯಲಾಗುತ್ತದೆ. ಈ ಸಂಖ್ಯೆಗಳಿಗನುಸಾರವಾಗಿ ಕಂಪಿಸುವ ತೆಳುವಾದ ಪೊರೆಯೇ ನಮ್ಮ ಕಿವಿಗೆ ‘ಸೂರ್ಯ’ ಎನ್ನುತ್ತದೆ.

ಓದುತ್ತಿರುವ ಪದವನ್ನು ಪರದೆಯ ಮೇಲೆ ಬಣ್ಣದಿಂದ ಎತ್ತಿ ತೋರಿಸುವ ಆ್ಯಪ್‌ಗಳೂ ಉಂಟು. ಕೇಳಿದ ಮಾತಿಗೂ ಕಂಡ ಅಕ್ಷರಕ್ಕೂ ಆಗ ಗಂಟು ಬೀಳುತ್ತದೆ. ಹಾಗೆಂದು ಇದು ಓದನ್ನು ಕಲಿಸುವ ಶಿಕ್ಷಕನ ಕೆಲಸಕ್ಕೆ ಬದಲಲ್ಲ. ಆ ಅಭ್ಯಾಸವು ನಿಧಾನವಾಗಿ ಸಾಗುತ್ತಿರುವಾಗ ಇತಿಹಾಸವೂ ವಿಜ್ಞಾನವೂ ಕೈತಪ್ಪದಂತೆ ನೋಡಿಕೊಳ್ಳುವುದಷ್ಟೇ ಇದರ ಉಪಕಾರ. ಪರೀಕ್ಷೆಯಲ್ಲಿ ಫೋನಿಗೆ ಪ್ರವೇಶವಿಲ್ಲವಷ್ಟೆ. ಆದರೆ ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹೆಸರಿಸುವ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಪಡೆದ ವಿದ್ಯಾರ್ಥಿಯು ಹೆಚ್ಚಿನ ಕಾಲಾವಕಾಶವನ್ನೂ ಓದಿಹೇಳುವವರ ನೆರವನ್ನೂ ಕೋರಬಹುದು.

ಭೌತವಿಜ್ಞಾನದ ಪುಸ್ತಕದಲ್ಲಿ ಮಾತ್ರ ಯಂತ್ರವನ್ನು ಪೂರ್ತಿ ನಂಬಲಾಗದು. ವೇಗದ ವರ್ಗವನ್ನು ಸೂಚಿಸಲು ಮೇಲೆ ಬರೆದ 2ನ್ನು ಅದು ಬರಿದೆ ‘ಎರಡು’ ಎಂದು ಓದಿಬಿಡಬಹುದು. ವೇಗವು 3 ಆಗಿದ್ದಾಗ 9 ಬರಬೇಕಾದಲ್ಲಿ ಕೇಳುವವನು 6 ಎಂದು ಬರೆದಾನು. ಸೂತ್ರಗಳು ಬಂದೆಡೆ ಸಹಪಾಠಿಯೊಬ್ಬನು ಪಕ್ಕದಲ್ಲಿ ಕುಳಿತು, ಬೆರಳಿಟ್ಟು, ಓದಿ ಹೇಳುವುದೇ ಮೇಲು.